ಮಡಿಕೇರಿಯ ಭಾನುವಾರದ ಪ್ರಬಂಧ ಕ್ಲಾಸ್: ನಡುವಿನ ಪ್ಯಾರಾ ಕಲಿಯಬೇಕಿದ್ದರೆ ಹೋಗಿ

ಮಡಿಕೇರಿಯಲ್ಲಿ ಭಾನುವಾರ ಬೆಳಿಗ್ಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುವ ಒಂದು ಕ್ಲಾಸ್ ಇದೆ. ಪೂರ್ತಿ ಬ್ಯಾಚ್‌ಗೆ 2,500 ರೂಪಾಯಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಒಂದಷ್ಟು ಬೈದಿದ್ದೇನೆ. ಊರು ಚಿಕ್ಕದು, ಗೊತ್ತಾಗುವವರಿಗೆ ಗೊತ್ತಾಗೇ ಆಗುತ್ತದೆ. ಸೆಕೆಂಡ್ ಪಿಯುಸಿ ಓದುತ್ತಿರುವ ಮಗಳನ್ನು ಸೇರಿಸಿದೆ. ಅಪ್ಪ ಅಮ್ಮಂದಿರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು ಅಂದರು, ಅದಕ್ಕೆ ದುಡ್ಡಿಲ್ಲ. ಹೇಗೂ ಕರೆದುಕೊಂಡು ಬಂದವಳು ಮಳೆಯಲ್ಲಿ ಎಲ್ಲಿಗೆ ಹೋಗಲಿ ಅಂತ ನಾನೂ ಕೂತೆ. ಪಂಚಾಯಿತಿಗೆ ಅರ್ಜಿ, ಪೇಪರ್‌ಗೆ ಪತ್ರ ಅಂತ ಆಗಾಗ ಬರೆಯುವ ಚಟ ನನಗೂ ಇದೆ, ಹಾಗಾಗಿ ಕೂತದ್ದು ದಂಡವಾಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇವರು ಚಂದದ ಭಾಷೆ ಕಲಿಸುವುದಿಲ್ಲ. ಗಾದೆ, ವಚನದ ಸಾಲು, ದೊಡ್ಡವರ ಮಾತು ಸೇರಿಸಿ ಪೀಠಿಕೆ ಕಟ್ಟುವುದನ್ನೂ ಕಲಿಸುವುದಿಲ್ಲ. ಸ್ಕೂಲಿನಲ್ಲಿ ನಮಗೆಲ್ಲ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಭಾಗ ಹೇಳಿಕೊಟ್ಟಿದ್ದರು, ಅಲ್ವಾ? ಪೀಠಿಕೆಗೆ ನಾಲ್ಕು ಸಾಲು ಬಾಯಿಪಾಠ, ಉಪಸಂಹಾರಕ್ಕೆ ನಾಲ್ಕು ಸಾಲು ಬಾಯಿಪಾಠ, ನಡುವೆ ಏನು ಬರೆಯಬೇಕು ಅಂತ ಕೇಳಿದರೆ 'ವಿಷಯ ಬರಿ' ಅಷ್ಟೇ. ಈ ಕ್ಲಾಸ್ ಹಿಡಿದಿರುವುದು ಆ ನಡುವಿನ ಭಾಗವನ್ನು. ಅದೂ ಒಂದು ಕಡೆ ನಿಂತು ವಾದ ಮಾಡಬೇಕಾದ ಪ್ರಬಂಧದ ನಡುವನ್ನು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆ 250 ಅಂಕದ್ದು. 3 ಗಂಟೆಯಲ್ಲಿ ಎರಡು ಪ್ರಬಂಧ, ಒಂದೊಂದೂ 1,000ದಿಂದ 1,200 ಪದ. ಅಷ್ಟು ಉದ್ದಕ್ಕೆ ಬರೆಯುವಾಗ ಪೀಠಿಕೆಯ ಬಾಯಿಪಾಠ ಮೊದಲ ಅರ್ಧ ಪುಟಕ್ಕೇ ಮುಗಿದುಹೋಗುತ್ತದೆ. ಉಳಿದ ಪುಟಗಳನ್ನು ಏನು ಮಾಡುತ್ತೀರಿ ಅನ್ನುವುದು ಸರ್ ಅವರ ಮೊದಲ ಪ್ರಶ್ನೆ.

ಅವರು ಕೊಟ್ಟ ವಿಷಯ: ವಾರಾಂತ್ಯದಲ್ಲಿ ಕೊಡಗಿಗೆ ಬರುವ ಪ್ರವಾಸಿಗರ ವಾಹನಗಳಿಗೆ ಮಿತಿ ಹಾಕಬೇಕೇ? ಇಂಥ ವಿಷಯಕ್ಕೆ ನಮ್ಮ ಮಕ್ಕಳಿಗೆ ಸರಕು ಕಮ್ಮಿ ಇಲ್ಲ. ಶನಿವಾರ ಬೆಳಿಗ್ಗೆ ಪೇಟೆಗೆ ಇಳಿದವರಿಗೆಲ್ಲ ಗೊತ್ತಿರುವ ಕಥೆ. ಎಲ್ಲರೂ ಪುಟಗಟ್ಟಲೆ ಬರೆದರು. ಮುಂದಿನ ವಾರ ಸರ್ ಕತ್ತರಿ ತಂದರು. ಅವರವರ ಪ್ರಬಂಧವನ್ನು ಅವರವರೇ ಪ್ಯಾರಾಕ್ಕೊಂದು ಚೂರಿನಂತೆ ಕತ್ತರಿಸಬೇಕು, ಪೀಠಿಕೆ ಉಪಸಂಹಾರ ಪಕ್ಕಕ್ಕಿಡಬೇಕು, ನಡುವಿನ ಚೂರುಗಳನ್ನು ಕಲಸಿ ಪಕ್ಕದವರ ಕೈಗೆ ಕೊಡಬೇಕು. ಪಕ್ಕದವರು ಅದನ್ನು ತಮಗೆ ತೋಚಿದ ಕ್ರಮದಲ್ಲಿ ಜೋಡಿಸಿ ಓದಬೇಕು.

ಮಗಳ ಚೂರುಗಳು ಗೋಣಿಕೊಪ್ಪದ ಒಬ್ಬ ಹುಡುಗನಿಗೆ ಸಿಕ್ಕವು. ಕಸದ ಪ್ಯಾರಾ ಮೊದಲು, ಟ್ರಾಫಿಕ್ ಆಮೇಲೆ, ನೀರಿನ ತೊಂದರೆ, ಕೊನೆಗೆ ಗುಡ್ಡ ಕುಸಿತ ಅಂತ ಇಟ್ಟ. ಇವಳು ಬರೆದ ಕ್ರಮ ಇದಕ್ಕೆ ಪೂರ್ತಿ ತಿರುವುಮುರುವು. ಆದರೂ ಓದಿದರೆ ಏನೂ ವ್ಯತ್ಯಾಸ ಇಲ್ಲ, ಸಲೀಸಾಗಿ ಹೋಗುತ್ತದೆ! ಮಗಳಿಗೆ ಖುಷಿ. ಸರ್ ಮಾತ್ರ ತಲೆ ಅಲ್ಲಾಡಿಸಿದರು. "ಹೆಂಗಿಟ್ಟರೂ ನಡೆಯುತ್ತೆ ಅಂದ್ರೆ ಇದು ವಾದ ಅಲ್ಲಮ್ಮ, ದಿನಸಿ ಚೀಟಿ. ಅಕ್ಕಿ ಮೇಲೆ ಬರೆದರೂ ಒಂದೇ, ಕೆಳಗೆ ಬರೆದರೂ ಒಂದೇ." ನನ್ನ ಪ್ರಕಾರ 2,500ರಲ್ಲಿ ಅರ್ಧ ದುಡ್ಡು ಆ ಕತ್ತರಿಯಲ್ಲೇ ವಸೂಲಾಯಿತು. ಮನೆಯಲ್ಲೂ ಮಾಡಬಹುದು, ಯಾವ ಕ್ಲಾಸೂ ಬೇಡ. ನಿಮ್ಮ ಪ್ಯಾರಾಗಳನ್ನು ಬೇರೆಯವರು ಕಲಸಿ ಜೋಡಿಸಿದಾಗ ಎಲ್ಲೋ ಒಂದು ಕಡೆ 'ಅರೆ, ಇದು ಇಲ್ಲಿ ಬರಲಾರದು' ಅನ್ನಿಸಬೇಕು. ಅನ್ನಿಸದಿದ್ದರೆ ಒಂದು ಪ್ಯಾರಾ ಇನ್ನೊಂದರ ಮೇಲೆ ನಿಂತಿಲ್ಲ ಅಂತ ಅರ್ಥ.

ಆಮೇಲೆ ಗೆರೆ ಎಳೆಯುವ ಕೆಲಸ. ಒಂದೊಂದು ಪ್ಯಾರಾದಲ್ಲೂ ಆ ಪ್ಯಾರಾ ಹೇಳಲು ಹೊರಟ ಮಾತು ಯಾವ ಸಾಲಿನಲ್ಲಿದೆ ಅಂತ ಹುಡುಕಿ ಅದರಡಿ ಗೆರೆ ಎಳೆಯಬೇಕು. ಸಿಗದಿದ್ದರೆ ಪ್ಯಾರಾಗೆ ಕೆಲಸವೇ ಇಲ್ಲ. ಎರಡು ಸಿಕ್ಕರೆ ಅಲ್ಲಿ ಎರಡು ಪ್ಯಾರಾ ಸೇರಿಕೊಂಡಿವೆ. ಇವಳ ಒಂದು ಪ್ಯಾರಾದಲ್ಲಿ ಕಸವೂ ಇತ್ತು, ಕುಡಿದು ಗಲಾಟೆಯೂ ಇತ್ತು, ಕೊಡಗಿನ ಸಂಸ್ಕೃತಿಯೂ ಇತ್ತು, ನಡುವೆ ಎಲ್ಲಿಂದಲೋ ಕಾಫಿ ರೇಟೂ ಬಂದಿತ್ತು. ಗೆರೆ ಎಳೆದ ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದು ಗಟ್ಟಿಯಾಗಿ ಓದಿಸುತ್ತಾರೆ. ಅಷ್ಟನ್ನೇ ಕೇಳಿದವನಿಗೂ ವಾದ ಅರ್ಥವಾಗಬೇಕು. ಒಂದೆರಡು ವಾರ ತಿದ್ದಿದ ಮೇಲೆ ಇವಳ ಸಾಲುಗಳು ಹೀಗೆ ನಿಂತವು:

ವಾರಾಂತ್ಯದ ವಾಹನಗಳ ಭಾರವನ್ನು ನಮ್ಮ ರಸ್ತೆ ತಾಳುತ್ತಿಲ್ಲ. ರಸ್ತೆ ಅಗಲ ಮಾಡಿದರೆ ಆಯಿತಲ್ಲ ಎನ್ನಬಹುದು, ಆದರೆ ಇಲ್ಲಿ ಅಗಲ ಮಾಡಬೇಕೆಂದರೆ ಎಷ್ಟೋ ಕಡೆ ಗುಡ್ಡ ಕಡಿಯಬೇಕು. ಕಡಿದ ಗುಡ್ಡ ಮಳೆಗೆ ಎಷ್ಟು ನಿಲ್ಲುತ್ತದೆ ಅಂತ ಕಂಡಿದ್ದೇವೆ. ಹಾಗಂತ ಪ್ರವಾಸಿಗರೇ ಬೇಡ ಎಂದರೆ ಹೋಂಸ್ಟೇ ನಂಬಿದ ಮನೆಗಳು ಏನು ಮಾಡಬೇಕು? ಅದಕ್ಕೇ ಕೇಳುತ್ತಿರುವುದು ಮಿತಿ, ಅದೂ ಮೊದಲೇ ಬುಕ್ ಮಾಡಿದವರಿಗೆ ತೊಂದರೆ ಆಗದ ಹಾಗೆ. ಇಂಥದ್ದು ಪಕ್ಕದ ಬೆಟ್ಟದಲ್ಲಿ ನಡೆಯುತ್ತಲೂ ಇದೆ.

ಈಗ ಇದನ್ನು ಕಲಸಿ ನೋಡಿ, ಆಗುವುದಿಲ್ಲ. ಒಂದು ಸಾಲು ಓದಿದ ತಕ್ಷಣ ಓದುವವನ ಬಾಯಿಗೆ ಯಾವ ತಕರಾರು ಬರುತ್ತದೋ ಅದಕ್ಕೆ ಮುಂದಿನ ಸಾಲು ಉತ್ತರ ಕೊಡುತ್ತಿದೆ. ಸರ್ ಪದೇ ಪದೇ ಹೇಳುವುದೂ ಇದನ್ನೇ. ನಿನಗೆ ಹೊಳೆದ ಕ್ರಮದಲ್ಲಿ ಬರೀಬೇಡ, ಅವನಿಗೆ ಅನುಮಾನ ಬರುವ ಕ್ರಮದಲ್ಲಿ ಬರಿ. ಈ ಒಂದು ಮಾತಿಗಾಗಿ ನಾನು ಈ ಕ್ಲಾಸನ್ನು ಬೇರೆಯವರಿಗೂ ಹೇಳುತ್ತೇನೆ.

ಒಂದು ಪ್ಯಾರಾದ ಒಳಗೆ ಏನಿರಬೇಕು ಅನ್ನುವುದಕ್ಕೆ ಅವರ ಸೂತ್ರ ಸರಳ: ಮಾತು, ಆಧಾರ, ಅದಕ್ಕೇನೀಗ. ಮೂರನೆಯದೇ ಮುಖ್ಯ. ಬ್ರಿಟನ್ನಿನ ಸ್ಟೀಫನ್ ಟೂಲ್ಮಿನ್ ಎಂಬ ತತ್ವಜ್ಞಾನಿ 1958ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾನಂತೆ. ಆಧಾರ ಕೊಟ್ಟರೆ ಸಾಲದು, ಆ ಆಧಾರದಿಂದ ಈ ಮಾತಿಗೆ ಹೇಗೆ ಬಂದೆ ಅನ್ನುವುದನ್ನೂ ತೋರಿಸಬೇಕು. ನಮ್ಮವರು ಬಿಡುವುದು ಅದನ್ನೇ. ಇವಳ ಗುಡ್ಡ ಕುಸಿತದ ಪ್ಯಾರಾ ಮೊದಲು ಇದ್ದದ್ದು ಹೀಗೆ:

"ಪ್ರವಾಸೋದ್ಯಮದಿಂದ ಕೊಡಗು ನಾಶವಾಗುತ್ತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜನ ಸತ್ತರು, ಮನೆ ತೋಟಗಳು ಕೊಚ್ಚಿಹೋದವು, ತಾಯಂದಿರ ಕಣ್ಣೀರು ಇನ್ನೂ ಆರಿಲ್ಲ. ಆದ್ದರಿಂದ ಪ್ರವಾಸಿಗರಿಗೆ ಕಡಿವಾಣ ಹಾಕಲೇಬೇಕು."

ಕ್ಲಾಸಿನಲ್ಲಿ ಓದಿದಾಗ ಎಲ್ಲರೂ ಸುಮ್ಮನಾದರು. ಆ ವರ್ಷ ನಮ್ಮಲ್ಲಿ ಯಾರನ್ನೂ ತಟ್ಟದೆ ಬಿಟ್ಟಿಲ್ಲ. ಆದರೆ ಮಕ್ಕಂದೂರು ಕಡೆಯ ಒಬ್ಬ ಹುಡುಗ ಎದ್ದು, "ಸರ್, ನಮ್ಮ ಅಜ್ಜನ ತೋಟ ಹೋಗಿದ್ದು ಮಳೆಗೆ, ಟೂರಿಸ್ಟ್‌ಗಳಿಂದ ಅಲ್ಲ" ಅಂದ. ಅಲ್ಲಿಗೆ ಪ್ಯಾರಾ ಕುಸಿಯಿತು. ಪ್ರವಾಸಿಗೂ ಗುಡ್ಡಕ್ಕೂ ನಡುವೆ ಏನು ಸಂಬಂಧ ಅಂತ ಅವಳು ಬರೆದೇ ಇರಲಿಲ್ಲ, ಎಲ್ಲರಿಗೂ ಗೊತ್ತು ಅಂದುಕೊಂಡಿದ್ದಳು. ತಿದ್ದಿ ಬರೆದದ್ದು:

"2018ರ ಆಗಸ್ಟ್‌ನ ಕುಸಿತಕ್ಕೆ ಭಾರೀ ಮಳೆ ಮೊದಲ ಕಾರಣ. ಆದರೆ ಎಲ್ಲ ಇಳಿಜಾರಿಗೂ ಮಳೆಯ ಅಪಾಯ ಒಂದೇ ಅಲ್ಲ. ಇಳಿಜಾರಿನ ಬುಡವನ್ನು ನೇರವಾಗಿ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ನೀರು ಹರಿದುಹೋಗುವ ದಾರಿಯೂ ಕೆಡುತ್ತದೆ. ವಾಹನ ಹೆಚ್ಚಿದ ಹಾಗೆ ರಸ್ತೆಗೆ, ಪಾರ್ಕಿಂಗ್‌ಗೆ, ಹೊಸ ಕಟ್ಟಡಕ್ಕೆ ಅಂತ ಕಡಿಯುವ ಗುಡ್ಡವೂ ಹೆಚ್ಚುತ್ತದೆ. ವಾಹನಕ್ಕೆ ಮಿತಿ ಹಾಕಿದರೆ ಹೀಗೆ ಕಡಿಯುವ ಒತ್ತಡ ಕಮ್ಮಿಯಾಗುತ್ತದೆ."

ಕಣ್ಣೀರು ಹೋಯಿತು, ಇವಳಿಗೆ ಎರಡು ದಿನ ಮುಖ ಊದಿಕೊಂಡಿತ್ತು. ಒಳ್ಳೆ ಸಾಲುಗಳನ್ನೇ ಹೊಡೆದುಹಾಕಿಸಿದರು ಅಂತ. ನನಗಂತೂ ಎರಡನೆಯದೇ ಇಷ್ಟ. ಮೊದಲನೆಯದನ್ನು ಒಪ್ಪದವನು ಒಂದೇ ಮಾತಲ್ಲಿ ಕೆಡವಬಹುದು, ಎರಡನೆಯದನ್ನು ಕೆಡವಬೇಕೆಂದರೆ ಕೂತು ಯೋಚಿಸಬೇಕು.

ಪಕ್ಕದ ಬೆಟ್ಟ ಅಂದೆನಲ್ಲ, ಅದು ನೀಲಗಿರಿ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಊಟಿಗೂ ಕೊಡೈಕನಾಲ್‌ಗೂ 2024ರ ಮೇ 7ರಿಂದ ಇ-ಪಾಸ್ ಬಂತು, ಅಂದರೆ ಹೋಗುವ ಮೊದಲೇ ವಾಹನಕ್ಕೆ ಆನ್‌ಲೈನಿನಲ್ಲಿ ಪಾಸ್ ತೆಗೆದುಕೊಳ್ಳಬೇಕು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ಇಷ್ಟೇ ವಾಹನ ಅಂತ ಲೆಕ್ಕವೂ ಬಂತು, ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000. ಇದನ್ನು ಮೊದಲು ತಂದವನು ಕುಶಾಲನಗರದ ಹುಡುಗ, ಬರೆದು ಬಹಳ ಹೆಮ್ಮೆಯಿಂದ ಕೂತಿದ್ದ. ಸರ್ ಕೇಳಿದರು, "ಅದಕ್ಕೇನೀಗ? ಅಲ್ಲಿ ಮಾಡಿದರೆ ಇಲ್ಲಿ ಯಾಕೆ ಮಾಡಬೇಕು?" ಅವನು ಸ್ವಲ್ಪ ತಡವರಿಸಿ ಹೇಳಿದ, ಅದೂ ನಮ್ಮ ಹಾಗೆ ಬೆಟ್ಟ, ಘಾಟ್ ರಸ್ತೆ, ಚೆಕ್‌ಪೋಸ್ಟ್‌ನಲ್ಲಿ ಎಣಿಸಬಹುದು ಅಂತ. ತಕ್ಷಣ ಇನ್ನೊಬ್ಬಳು, ನಮಗೆ ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ಆನೆಚೌಕೂರು ಅಂತ ಎಷ್ಟೊಂದು ಬಾಗಿಲು, ಎಲ್ಲ ಕಡೆ ಯಾರು ಎಣಿಸುತ್ತಾರೆ ಅಂದಳು. ಸರ್ ಅವಳ ಮಾತನ್ನೂ ಅದೇ ಪ್ಯಾರಾದಲ್ಲಿ ಬರೆಸಿದರು, ಉತ್ತರದ ಜೊತೆ. ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿ ಸರಿಯಾಗುವುದಿಲ್ಲ ಅಂತ ನಾವೇ ಹೇಳಿಬಿಟ್ಟರೆ ಓದುವವನಿಗೆ ನಂಬಿಕೆ ಬರುತ್ತದೆ. ಅಂಕಿಗಳ ವಿಷಯದಲ್ಲೂ ಕಟ್ಟುನಿಟ್ಟು. 'ಕೋಟ್ಯಂತರ ಪ್ರವಾಸಿಗರು' ಅಂತ ಬರೆದವರ ಪುಸ್ತಕದಲ್ಲಿ ಕೆಂಪು ಸುತ್ತು. ಎಲ್ಲಿಂದ ತಂದೆ ಅಂತ ಹೇಳಲಾಗದಿದ್ದರೆ ತೆಗಿ, 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519 ಅಂತ ಇದೆಯಲ್ಲ, ಅಂಥದ್ದು ಇಟ್ಟುಕೋ ಅಂದರು.

ಎದುರಾಳಿಯ ವಾದಕ್ಕೆ ಜಾಗ ಕೊಡುವ ಪಾಠ ಇಡೀ ಬ್ಯಾಚಿನಲ್ಲೇ ಚೆನ್ನಾಗಿತ್ತು. ಹೋಂಸ್ಟೇ ನಡೆಸುವ ಮನೆಯ ಹುಡುಗನೊಬ್ಬ ಕ್ಲಾಸಿನಲ್ಲೇ ಇದ್ದ. ಅರ್ಧ ಮಕ್ಕಳು 'ಹೋಂಸ್ಟೇಯವರು ದುಡ್ಡಿನ ಆಸೆಗೆ ಮಿತಿಯನ್ನು ವಿರೋಧಿಸುತ್ತಾರೆ' ಅಂತ ಬರೆದಿದ್ದರು. ಆ ಪ್ಯಾರಾಗಳನ್ನೆಲ್ಲ ಸರ್ ಅವನ ಕೈಗೇ ಕೊಟ್ಟರು. 'ಹೌದು, ನಾನು ಹೇಳೋದು ಇದೇ' ಅಂತ ಅವನು ಒಪ್ಪಿದರೆ ಪಾಸ್, ಇಲ್ಲದಿದ್ದರೆ ವಾಪಸ್. ಒಂದೂ ಪಾಸಾಗಲಿಲ್ಲ. ಅವನೇ ವಿವರಿಸಿದ: ಕಾಫಿ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವುದು, ಕೊಯ್ಲು ಮುಗಿದು ಮಾರಿದ ಮೇಲೆ. ಆಳಿನ ಕೂಲಿ ವಾರ ವಾರ ಕೊಡಬೇಕು. ನಡುವಿನ ತಿಂಗಳು ಮನೆ ನಡೆಯುವುದು ರೂಮಿಗೆ ಬಂದವರ ದುಡ್ಡಿನಿಂದ, ಮತ್ತೆ ರೂಮಿಗೆ ಬರುವವರು ಬರುವುದೇ ಶನಿವಾರ ಭಾನುವಾರ. ಇಷ್ಟು ಕೇಳಿದ ಮೇಲೆ ಎಲ್ಲರ ಪ್ಯಾರಾವೂ ಬದಲಾಯಿತು. ಬರೇ ಆ ಪ್ಯಾರಾ ಅಲ್ಲ, ಮುಂದಿನದೂ. ಬುಕ್ ಮಾಡಿದವರಿಗೆ ಪಾಸ್ ಮೊದಲು, ಬೆಳಿಗ್ಗೆ ಬಂದು ಸಂಜೆ ಹೋಗುವ ವಾಹನಗಳಿಗೆ ಮಿತಿ ಅನ್ನುವ ಸಲಹೆ ಬಂದದ್ದೇ ಇವನ ಮಾತಿನಿಂದ. ಎದುರಾಳಿಯನ್ನು ಸರಿಯಾಗಿ ಕೇಳಿಸಿಕೊಂಡರೆ ನಮ್ಮ ವಾದವೇ ಗಟ್ಟಿಯಾಗುತ್ತದೆ ಅಂತ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ. ಇಲ್ಲಿ ಕಣ್ಣೆದುರೇ ಆಯಿತು.

ಯಾವ ವಾದ ಮೊದಲು, ಯಾವುದು ಕೊನೆಗೆ ಅನ್ನುವುದರಲ್ಲಿ ಮಾತ್ರ ನನಗೂ ಸರ್‌ಗೂ ಹೊಂದಲಿಲ್ಲ. ಅವರು ಗ್ರೀಕ್ ಕಥೆಯ ನೆಸ್ಟರ್ ಎಂಬ ಮುದುಕನ ಲೆಕ್ಕ ಹೇಳುತ್ತಾರೆ. ಗಟ್ಟಿಗರು ಮುಂದೆ ಮತ್ತು ಹಿಂದೆ, ಪುಕ್ಕಲರು ನಡುವೆ, ಹಾಗೆ ಸೇನೆ ನಿಲ್ಲಿಸಿದನಂತೆ. ರೋಮಿನ ಕ್ವಿಂಟಿಲಿಯನ್ ಎಂಬ ಗುರು ಅದನ್ನು ವಾದಕ್ಕೂ ಹೊಂದಿಸಿದ. ಪೆದ್ದು ವಾದ ನಡುವೆ ಅಡಗಿಸು, ಒಳ್ಳೆಯದನ್ನು ಎರಡು ತುದಿಗೆ ಇಡು. ನನ್ನ ಪಕ್ಕ ಒಬ್ಬರು ರಿಟೈರ್ಡ್ ಸುಬೇದಾರರು ಕೂರುತ್ತಿದ್ದರು, ಮೊಮ್ಮಗಳ ಜೊತೆ ಬಂದವರು. "ಪುಕ್ಕಲನ್ನ ಸೇನೆಗೆ ಸೇರಿಸೋದೇ ಯಾಕೆ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ನನ್ನ ಪ್ರಶ್ನೆಯೂ ಅದೇ. ದುರ್ಬಲ ವಾದ ಅಂತ ಗೊತ್ತಿದ್ದ ಮೇಲೆ ಬಿಟ್ಟುಬಿಡಬಾರದೇ? ಸರ್ ಉತ್ತರ, ಪರೀಕ್ಷೆಯಲ್ಲಿ 1,000 ಪದ ತುಂಬಬೇಕಲ್ಲ ಮೇಡಂ ಅಂತ. ಇರಲಿ, ಪರೀಕ್ಷೆಗೆ ಒಪ್ಪಿದೆ. ಆದರೆ ಗಟ್ಟಿ ವಾದವನ್ನು ಕೊನೆಗೂ ಉಳಿಸಿಕೊಳ್ಳಬೇಕು ಅನ್ನುವುದನ್ನು ಅರ್ಜಿ ಬರೆಯುವವರು ನಂಬಬೇಡಿ. ಆಫೀಸಿನಲ್ಲಿ ಅರ್ಜಿಯ ಎರಡನೇ ಪುಟ ತಿರುಗಿಸುವವರು ಬಹಳ ಕಮ್ಮಿ. ಅಲ್ಲಿ ಗಟ್ಟಿ ಮಾತು ಮೊದಲ ಪ್ಯಾರಾದಲ್ಲೇ ಇರಬೇಕು.

ಇನ್ನು ಬೈಗುಳ.

ಇವರ ಹತ್ತಿರ ಒಂದು ಜೆರಾಕ್ಸ್ ಹಾಳೆ ಇದೆ. ಅದರಲ್ಲಿ ಐದು ಪ್ಯಾರಾದ ಚೌಕಟ್ಟು, ಎದುರಾಳಿಯ ವಾದ ಯಾವಾಗಲೂ ನಾಲ್ಕನೆಯದು. ಕ್ಲಾಸಿನಲ್ಲಿ 'ಅನುಮಾನ ಬರುವ ಜಾಗದಲ್ಲಿ ಉತ್ತರ ಕೊಡು' ಅಂತ ಇಷ್ಟು ಚೆನ್ನಾಗಿ ಹೇಳಿಕೊಟ್ಟು, ಕೈಗೆ ಕೊಡುವ ಹಾಳೆಯಲ್ಲಿ ಅದಕ್ಕೆ ವಿರುದ್ಧ! ರಸ್ತೆ ಅಗಲ ಮಾಡಬಹುದಲ್ಲ ಅನ್ನುವ ತಕರಾರು ಮೊದಲ ಪ್ಯಾರಾ ಮುಗಿದ ಕೂಡಲೇ ಬರುತ್ತದೆ, ಅದನ್ನು ನಾಲ್ಕನೇ ಪ್ಯಾರಾದವರೆಗೆ ಹಿಡಿದಿಟ್ಟರೆ ಅಷ್ಟು ಹೊತ್ತೂ ಓದುವವನು ನಮ್ಮ ಮಾತು ಕೇಳುವುದಿಲ್ಲ, ತನ್ನ ತಕರಾರನ್ನೇ ಹಿಡಿದು ಕೂತಿರುತ್ತಾನೆ. ಮಕ್ಕಳು ಮನೆಗೆ ಹೋದ ಮೇಲೆ ನೋಡುವುದು ಹಾಳೆಯನ್ನೇ. ಹಾಳೆಯ ಹಿಂದೆ ಪ್ಯಾರಾ ಜೋಡಿಸುವ ಮಾತುಗಳ ಪಟ್ಟಿ ಬೇರೆ: ಇದಲ್ಲದೆ, ಮೇಲಾಗಿ, ಅಷ್ಟೇ ಅಲ್ಲದೆ, ಕೊನೆಯದಾಗಿ. ಎಲ್ಲವೂ ಕೂಡಿಸುವ ಮಾತುಗಳೇ. ತಿರುಗಿಸುವುದಕ್ಕೆ, ಒಪ್ಪಿಕೊಂಡು ಮುಂದೆ ಹೋಗುವುದಕ್ಕೆ ಒಂದೂ ಇಲ್ಲ. ಮಾದರಿ ಪ್ರಬಂಧಗಳು ಇಂಗ್ಲಿಷಿನಿಂದ ಇಳಿಸಿದವು, ಶಾಲಾ ಸಮವಸ್ತ್ರ, ಜಂಕ್ ಫುಡ್. ಕೊಡಗಿನಲ್ಲಿ ಆನೆ ಹಾವಳಿ ಬಗ್ಗೆ ಎರಡು ಪಕ್ಷ ಕಟ್ಟಿ ವಾದಿಸಿ ಅಂದರೆ ಸಿದ್ದಾಪುರ ಕಡೆಯ ಮಕ್ಕಳು ಸಂಜೆವರೆಗೂ ನಿಲ್ಲಿಸುವುದಿಲ್ಲ, ಅದು ಬಿಟ್ಟು ಜಂಕ್ ಫುಡ್ ಯಾಕೆ?

ಪುಸ್ತಕ ತಿದ್ದಿ ಕೊಡುವುದು ನಿಧಾನ. ಬ್ಯಾಚ್ ದೊಡ್ಡದು, ತಿದ್ದುವವರು ಒಬ್ಬರೇ. ಒಂದು ಪ್ರಬಂಧ ವಾಪಸ್ ಬರುವಷ್ಟರಲ್ಲಿ ಮಕ್ಕಳು ಅದನ್ನು ಮರೆತು ಇನ್ನೊಂದು ಬರೆದಿರುತ್ತಾರೆ, ಅದೇ ತಪ್ಪಿನ ಜೊತೆ. ಮಳೆಗಾಲದಲ್ಲಿ ಕ್ಲಾಸ್ ರದ್ದು ಮಾಡುವುದು ತಪ್ಪೇನಲ್ಲ, ಆದರೆ ವಾಟ್ಸಾಪ್‌ನಲ್ಲಿ ಮೆಸೇಜ್ ಬರುವುದು ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ವಿರಾಜಪೇಟೆ, ಗೋಣಿಕೊಪ್ಪದವರು ಬಸ್ ಹತ್ತಿಯಾಗಿರುತ್ತದೆ. ಹೇಳಿದೆವು, ಆಯ್ತು ಮೇಡಂ ಅಂದರು, ಮತ್ತೆ ಹಾಗೇ ಮಾಡಿದರು. ಮೇಲಿನ ಮಹಡಿಗೆ ಶೀಟ್ ಹೊದಿಸಿದ್ದಾರೆ, ಜುಲೈ ಮಳೆ ಬಿದ್ದರೆ ಸರ್ ಬಾಯಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಒಂದು ಸಣ್ಣ ಮೈಕಿಗೆ ಎಷ್ಟಾಗುತ್ತದೆ? ನಡುವೆ ಕೊಡುವ ಕಾಫಿಯ ಬಗ್ಗೆ ಏನೂ ಹೇಳುವುದಿಲ್ಲ. ಕಾಫಿ ತೋಟದ ನಡುವಿರುವ ಊರಿನಲ್ಲಿ ಆ ಕಾಫಿ ಹುಡುಕಲು ಎಷ್ಟು ಕಷ್ಟಪಟ್ಟರೋ.

ಯಾರಿಗೆ ಪ್ರಯೋಜನ ಅಂತ ಕೇಳಿದರೆ, ಹೇಳಲು ವಿಷಯ ಬೇಕಾದಷ್ಟಿದ್ದು ಎಲ್ಲವನ್ನೂ ಒಟ್ಟಿಗೆ ಸುರಿಯುವವರಿಗೆ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಚರ್ಚಾ ಸ್ಪರ್ಧೆಗೆ ಹೋಗುವವರು ಸೇರಬಹುದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಮಾತಾಡಿ ಬರವಣಿಗೆಯ ಕನ್ನಡ ಕಷ್ಟ ಅನ್ನುವ ಮಕ್ಕಳಿಗೆ ಹೆದರಿಕೆ ಬೇಡ. ಇಲ್ಲಿ ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ, ಸರ್ ನೋಡುವುದು ಒಂದು ಪ್ಯಾರಾ ಇನ್ನೊಂದಕ್ಕೆ ಕೈಕೊಡುತ್ತದೋ ಅಂತ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೇಡ, ಅವರ ಪರೀಕ್ಷೆಯ ಪ್ರಬಂಧಕ್ಕೆ ಇಷ್ಟೆಲ್ಲ ಬೇಕಾಗಿಲ್ಲ, ಸುಮ್ನೆ ಗೊಂದಲ. ಚಂದ ಬರೆಯುವುದನ್ನು ಕಲಿಯಬೇಕು ಅಂತ ಬರುವವರೂ ಬೇರೆ ಕಡೆ ನೋಡಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಜೆರಾಕ್ಸ್ ಹಾಳೆ ಹರಿದು ಹಾಕಿದರೆ ನಾಲ್ಕು.

ಮುಂದಿನ ಬ್ಯಾಚ್‌ಗೆ ಸೇರುವವರು ಬರೆದಿಟ್ಟ ಪ್ರಬಂಧ ಒಂದನ್ನು ಮೊದಲ ದಿನವೇ ತೆಗೆದುಕೊಂಡು ಹೋಗಿ. ಆ ವಾರ ತಿದ್ದುವುದಕ್ಕೆ ಬೇರೆ ಪುಸ್ತಕ ಇರುವುದಿಲ್ಲ, ಬೇಗ ಕೈಗೆ ಸಿಗುತ್ತದೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಎರಡೂ ಕಡೆ ಬರೆದರೆ ಕತ್ತರಿಸಲಾಗುವುದಿಲ್ಲ. ಕತ್ತರಿಯನ್ನೂ ಮನೆಯಿಂದಲೇ ಒಯ್ಯಿರಿ, ಅಲ್ಲಿರುವುದು ಎರಡೇ, ಅದರಲ್ಲಿ ಒಂದಕ್ಕೆ ಹರಿತ ಇಲ್ಲ.